ವರದಿ ಮೂಡುಬಿದಿರೆಯವರದ್ದು, ಧೂಳು ಎರಡೂ ಪಕ್ಷಗಳದ್ದು

ನಿಮ್ಮೂರ ಬಸ್ ತಂಗುದಾಣದ ನೆತ್ತಿ ಮೇಲಿನ ಬೋರ್ಡು ಒಮ್ಮೆ ಓದಿ. ಶಾಸಕರ ನಿಧಿ ಅಥವಾ ಸಂಸದರ ನಿಧಿ ಎಂದು ಬರೆದಿದ್ದರೆ, ಹಣ ಅವರ ಮನೆಯದ್ದಲ್ಲ ಎಂದು ನೆನಪಿರಲಿ. ತೆರಿಗೆ ನಮ್ಮದು, ಹೆಸರು ಅವರದ್ದು.

ಈ ನಿಧಿಗಳನ್ನೇ ರದ್ದು ಮಾಡಿ ಎಂದು 2007ರಲ್ಲಿ ಶಿಫಾರಸು ಮಾಡಿದ್ದು ಎರಡನೇ ಆಡಳಿತ ಸುಧಾರಣಾ ಆಯೋಗ. ಅದರ ಅಧ್ಯಕ್ಷರು ನಮ್ಮ ಮೂಡುಬಿದಿರೆಯ ಎಂ. ವೀರಪ್ಪ ಮೊಯಿಲಿ. ಆಡಳಿತದಲ್ಲಿ ನೈತಿಕತೆ ಎಂಬುದೇ ಆ ವರದಿಯ ವಿಷಯ. ಮಂತ್ರಿಗಳಿಗೆ ನೀತಿಸಂಹಿತೆ ಬೇಕು, ಸಂಸತ್ತಿನ ಎರಡೂ ಸದನಗಳಿಗೆ ನೈತಿಕ ಆಯುಕ್ತರು ಬೇಕು, ಲಂಚದ ಸಮೇತ ಸಿಕ್ಕಿಬಿದ್ದವರ ವಿಚಾರಣೆಗೆ ಸರ್ಕಾರದ ಅನುಮತಿ ಕಾಯಬಾರದು ಎಂದೆಲ್ಲ ಅದರಲ್ಲಿತ್ತು.

ಮುಂದೇನಾಯಿತು? ಆಯೋಗ ನೇಮಿಸಿದ ಯುಪಿಎ ಸರ್ಕಾರವೇ 2011ರಲ್ಲಿ ಸಂಸದರ ನಿಧಿಯನ್ನು ವರ್ಷಕ್ಕೆ 2 ಕೋಟಿಯಿಂದ 5 ಕೋಟಿಗೆ ಏರಿಸಿತು. 2014ರಲ್ಲಿ ಬಿಜೆಪಿ ಬಂತು. ಕೊರೊನಾ ಕಾಲದಲ್ಲಿ ಸ್ವಲ್ಪ ಸಮಯ ನಿಲ್ಲಿಸಿ ಮತ್ತೆ ಶುರು ಮಾಡಿತು. 2013ರಲ್ಲಿ ಯುಪಿಎ ಮಂಡಿಸಿದ್ದ ಭ್ರಷ್ಟಾಚಾರ ತಡೆ ತಿದ್ದುಪಡಿ ಮಸೂದೆ 2018ರಲ್ಲಿ ಎನ್‌ಡಿಎ ಕಾಲದಲ್ಲಿ ಪಾಸಾಯಿತು. ಅದರೊಂದಿಗೆ 17ಎ ಕಲಂ ಬಂತು. ಅಧಿಕಾರದಲ್ಲಿದ್ದಾಗ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಮಾಡಬೇಕಾದರೆ ಪೊಲೀಸರು ಮೊದಲು ಅನುಮತಿ ಪಡೆಯಬೇಕು. ಲಂಚ ಪಡೆಯುವಾಗಲೇ ಹಿಡಿದರೆ ಮಾತ್ರ ವಿನಾಯಿತಿ. ಹಾಗಾಗಿ ಐನೂರು ರೂಪಾಯಿ ಪಡೆದ ಗುಮಾಸ್ತ ಅಲ್ಲೇ ಸಿಕ್ಕಿಬೀಳುತ್ತಾನೆ. ಕೋಟಿಗಟ್ಟಲೆ ಟೆಂಡರಿಗೆ ಸಹಿ ಹಾಕಿದವರ ಫೈಲು ಅನುಮತಿಗಾಗಿ ಕಾಯುತ್ತದೆ.

ರಾಜ್ಯದಲ್ಲಿ ಲೋಕಾಯುಕ್ತದ ಕಥೆಯೂ ಇದೇ. ನೆರೆಯ ಕಾರ್ಕಳ ತಾಲೂಕಿನ ನಿಟ್ಟೆ ಮೂಲದ ನ್ಯಾ. ಸಂತೋಷ್ ಹೆಗ್ಡೆಯವರು 2011ರಲ್ಲಿ ಗಣಿ ವರದಿ ಕೊಟ್ಟಾಗ ಬಿಜೆಪಿಯ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು. ಅಂದು ಕಾಂಗ್ರೆಸ್ಸಿಗೆ ಲೋಕಾಯುಕ್ತ ಪವಿತ್ರವಾಗಿತ್ತು. ಅದೇ ಕಾಂಗ್ರೆಸ್ 2016ರ ಮಾರ್ಚಿನಲ್ಲಿ ಎಸಿಬಿ ಸ್ಥಾಪಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ಎಸಿಬಿ ಮುಚ್ಚುತ್ತೇವೆ ಎಂದು 2018ರಲ್ಲಿ ಭರವಸೆ ಕೊಟ್ಟ ಬಿಜೆಪಿ, 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಮರೆತುಬಿಟ್ಟಿತು. ಕೊನೆಗೆ ಅದನ್ನು ರದ್ದು ಮಾಡಿದ್ದು ಹೈಕೋರ್ಟು, 2022ರ ಆಗಸ್ಟ್ 11ರಂದು.

2024ರಲ್ಲಿ ಮುಡಾ ಪ್ರಕರಣ ಬಂದಾಗ ಪಾತ್ರಗಳು ಅದಲುಬದಲಾದವು. ಲೋಕಾಯುಕ್ತದ ಮೇಲೆ ನಂಬಿಕೆಯಿಲ್ಲ, ಸಿಬಿಐಗೆ ಕೊಡಿ ಎಂದಿತು ಬಿಜೆಪಿ. ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಸರ್ಕಾರ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನೇ ಹಿಂಪಡೆಯಿತು. ಎದುರಾಳಿಯನ್ನು ಹಿಡಿಯುವ ಸಂಸ್ಥೆ ಒಳ್ಳೆಯದು, ನಮ್ಮವರನ್ನು ಹಿಡಿಯುವ ಸಂಸ್ಥೆ ಕೆಟ್ಟದ್ದು: ಎರಡೂ ಕಡೆಯವರ ನೀತಿ ಇಷ್ಟೇ.

ಇನ್ನು ಲಾಬಿ. ಅಮೆರಿಕದಲ್ಲಿ ಕಂಪನಿಗಳ ಪರವಾಗಿ ರಾಜಕಾರಣಿಗಳ ಬಳಿ ಹೋಗುವ ಲಾಬಿಗಾರರು 1995ರ ಕಾನೂನಿನಂತೆ ಹೆಸರು ನೋಂದಾಯಿಸಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ. ನಮ್ಮಲ್ಲಿರುವುದು ವಶೀಲಿ. ಅಕ್ರಮ ಸಕ್ರಮ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ತಾತ ನೆಟ್ಟ ಅಡಿಕೆ ತೋಟದ ಜಾಗಕ್ಕೆ ಅರ್ಜಿ ಹಾಕಿದವನಿಗೆ ಊರಿನವರು ಕೊಡುವ ಮೊದಲ ಸಲಹೆ, "ಶಾಸಕರ ಹತ್ತಿರ ಒಂದು ಮಾತು ಹೇಳಿಸು" ಎಂದು. ಹೇಳಿಸುವವರು ಯಾರು? ಬೂತಿನಲ್ಲಿ ಕೆಲಸ ಮಾಡಿದವರು. ಹೀಗೆ ಹಕ್ಕು ಉಪಕಾರವಾಗುತ್ತದೆ, ಉಪಕಾರ ಓಟಾಗುತ್ತದೆ.

"ನಮ್ಮವರ ತಪ್ಪು ಎತ್ತಿದರೆ ಎದುರಿನವರಿಗೆ ಲಾಭ" ಎನ್ನುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರಿಗೆ ನಮ್ಮ ಉತ್ತರ: ಕೊಳೆರೋಗಕ್ಕೆ ಪಕ್ಕದ ತೋಟಕ್ಕೆ ಮಾತ್ರ ಮದ್ದು ಬಿಟ್ಟು, ನಮ್ಮ ತೋಟದ ಅಡಿಕೆ ಉದುರುವುದನ್ನು ನೋಡುತ್ತ ಕೂರುತ್ತೀರಾ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಓಟು ಕೇಳಲು ಬರುವ ಎಲ್ಲರಿಗೂ ಮೂರು ಪ್ರಶ್ನೆ ಹಾಕೋಣ.

ಒಂದು: ಲೋಕಾಯುಕ್ತ ಕಾಯ್ದೆಯ 22ನೇ ಕಲಂ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು. ಗೆದ್ದರೆ ಅದನ್ನು ಜನರ ಮುಂದೆಯೂ ಇಡುತ್ತೀರಾ?

ಎರಡು: ನಿಮ್ಮ ನಿಧಿಯ ಕಾಮಗಾರಿ, ಮೊತ್ತ, ಗುತ್ತಿಗೆದಾರರ ಹೆಸರು ಪಂಚಾಯತಿನ ನೋಟಿಸ್ ಬೋರ್ಡಿನಲ್ಲಿ ಹಾಕಿಸುತ್ತೀರಾ?

ಮೂರು: ಅಕ್ರಮ ಸಕ್ರಮದಲ್ಲಿ ಯಾರ ಅರ್ಜಿ ಪಾಸಾಯಿತು, ಯಾರದ್ದು ಏಕೆ ತಿರಸ್ಕಾರವಾಯಿತು ಎಂದು ಬಹಿರಂಗಪಡಿಸುತ್ತೀರಾ?

ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. ಬಂದ ಉತ್ತರದ ಫೋಟೋ ನಮಗೆ ಕಳುಹಿಸಿ. ಯಾವ ಪಕ್ಷದವರದ್ದಾದರೂ ಇಲ್ಲೇ ಹಾಕುತ್ತೇವೆ.