ಸರ್ಜನ್ ಆಗುವವರಿಗೆ ಸಂದರ್ಶನ ಬೇಕೇ?

ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ಸಿಯಲ್ಲಿರುವ ಮಕ್ಕಳು ಈಗ ನಮ್ಮ ಅನೇಕ ಬ್ಯಾರಿ ಮನೆಗಳಲ್ಲಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಮುಂದೇನು ಎಂದು ಕೇಳಿದರೆ "ಪಿಜಿಗೆ ಓದ್ತಾ ಇದ್ದೇನೆ" ಅನ್ನುತ್ತಾರೆ. ಬಾಗಿಲು ಹಾಕಿಕೊಂಡು ಓದುವುದು ಒಂದೇ ಒಂದು ಪರೀಕ್ಷೆಗೆ. ನೀಟ್ ಪಿಜಿ ಅಂದರೆ 200 ಪ್ರಶ್ನೆ, 800 ಅಂಕ, ಮೂರೂವರೆ ಗಂಟೆ. ಎಂ.ಎಸ್. ಸರ್ಜರಿ ಸಿಗುತ್ತದೋ ಇಲ್ಲವೋ ಎಂಬುದನ್ನು ರ‍್ಯಾಂಕ್ ಹೇಳುತ್ತದೆ. ಯಾರೂ ಎದುರು ಕೂರಿಸಿ ಮಾತಾಡಿಸುವುದಿಲ್ಲ.

ಹಿರಿಯ ವೈದ್ಯರಲ್ಲಿ ಕೆಲವರ ಆಕ್ಷೇಪ ಇಲ್ಲೇ ಇರುವುದು. ಕತ್ತಿ ಹಿಡಿಯುವವನನ್ನು ಮುಖ ನೋಡದೆ ಆರಿಸುವುದು ಹೇಗೆ ಮಾರಾಯ್ರೆ ಎಂದು ಅವರು ಕೇಳುತ್ತಾರೆ. ಮಾತಿನಲ್ಲಿ ಹುರುಳು ಉಂಟು. ರಕ್ತ ಚಿಮ್ಮಿದಾಗ ಗಾಬರಿಯಾಗದಿರುವುದು, ನರ್ಸ್ ಎಚ್ಚರಿಸಿದರೆ ಕಿವಿಗೊಡುವುದು, ತಪ್ಪಾದಾಗ ರೋಗಿಯ ಮನೆಯವರಿಗೆ ನೇರವಾಗಿ ಹೇಳುವುದು, ಇವು ಯಾವುದೂ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಟಿಕ್ ಹಾಕಿದರೆ ತಿಳಿಯುವಂಥದ್ದಲ್ಲ. ಬ್ರಿಟನ್ನಿನಲ್ಲಿ ಸರ್ಜರಿ ತರಬೇತಿಗೆ ಪರೀಕ್ಷೆಯ ಜೊತೆ ಸಂದರ್ಶನವೂ ಇದೆ. ನಮ್ಮಲ್ಲೂ ಏಮ್ಸ್‌ನಂಥ ಸಂಸ್ಥೆಗಳು ಎಂಸಿಎಚ್‌ಗೆ ಲಿಖಿತ ಪರೀಕ್ಷೆಯ ನಂತರ ವಿಭಾಗದಲ್ಲೇ ಇನ್ನೊಂದು ಸುತ್ತು ಪರೀಕ್ಷಿಸುತ್ತವೆ.

ಹಾಗಾದರೆ ನಮಗೇಕೆ ಅಳುಕು? ಸಂದರ್ಶನದ ಚರಿತ್ರೆ ಒಳ್ಳೆಯದಲ್ಲ, ಅದಕ್ಕೆ. ಹಿಂದಿನ ಮೈಸೂರು ರಾಜ್ಯದಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನದ ಅಂಕ ಸೇರಿಸುತ್ತಿದ್ದರು. ಚಿತ್ರಲೇಖಾ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಆದರೆ 1980ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಬೇರೆಯೇ ಚಿತ್ರ ಕಂಡಿತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ 150 ಅಂಕಗಳಲ್ಲಿ 50 ಸಂದರ್ಶನಕ್ಕಿತ್ತು. ಒಬ್ಬೊಬ್ಬರಿಗೆ ಕೊಟ್ಟದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆ ಯಾರು, ಊರು ಯಾವುದು ಎಂದು! ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡಬಾರದು, ಮಾತುಕತೆಯನ್ನು ಟೇಪ್ ಮಾಡಿದರೆ ಒಳ್ಳೆಯದು ಎಂದಿತು ಕೋರ್ಟ್.

ತಂದೆ ಯಾರು, ಊರು ಯಾವುದು ಎಂಬ ಪ್ರಶ್ನೆಯ ಭಾರ ನಮಗೆ ಗೊತ್ತು. ಹೆಸರು, ಗಡ್ಡ, ತಲೆವಸ್ತ್ರ, ಬ್ಯಾರಿ ಭಾಷೆಯ ಛಾಯೆಯಿರುವ ಇಂಗ್ಲಿಷ್, ಇವೆಲ್ಲ ನಮ್ಮ ಮಕ್ಕಳಿಗಿಂತ ಮೊದಲೇ ಕೋಣೆಯೊಳಗೆ ಹೋಗುತ್ತವೆ. ಕಂಪ್ಯೂಟರಿಗೆ ಅದು ಕಾಣುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅಂಕದ ಜೊತೆ ಸಂದರ್ಶನವನ್ನೂ ನಡೆಸಿ, ಸೇವಾಮನೋಭಾವ ನೋಡಿ ವಿದ್ಯಾರ್ಥಿಗಳನ್ನು ಆರಿಸುತ್ತಿತ್ತು. ನೀಟ್ ಒಂದೇ ಸಾಲದು ಎಂದು 2017ರಲ್ಲಿ 100 ಎಂಬಿಬಿಎಸ್ ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿತು. 2020ರಲ್ಲಿ ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯ ಎಂದು ತೀರ್ಪು ಕೊಟ್ಟಿತು. ಅದೂ ಅಲ್ಪಸಂಖ್ಯಾತರ ಸಂಸ್ಥೆಯೇ. ಆದ್ದರಿಂದ ಸಂದರ್ಶನ ಅಂದರೆ ಮೋಸ ಎಂದು ನಾವು ಸುಮ್ಮನೆ ಹೇಳುವಂತಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಎಂ.ಎಸ್.ಗೆ ರ‍್ಯಾಂಕೇ ಇರಲಿ. ಎಂಸಿಎಚ್ ಹಂತದಲ್ಲಿ ಸಂದರ್ಶನ ಇರುವುದಾದರೆ ಅಂಕ ಕಡಿಮೆ ಇರಲಿ. ಎಲ್ಲರಿಗೂ ಅವೇ ಪ್ರಶ್ನೆ ಕೇಳಲಿ. ಮೂರ್ನಾಲ್ಕು ಮಂದಿ ಪರೀಕ್ಷಕರು ಬೇರೆ ಬೇರೆಯಾಗಿ ಅಂಕ ಹಾಕಲಿ, ಎಲ್ಲವೂ ರೆಕಾರ್ಡ್ ಆಗಲಿ. ಮಾತಿಗಿಂತ ಕೈ ನೋಡಲಿ. ಗಂಟು ಹಾಕಿಸಲಿ, ಹೊಲಿಗೆ ಹಾಕಿಸಲಿ. ಮದುವೆ ಯಾವಾಗ, ಮಕ್ಕಳೆಷ್ಟು ಎಂದು ಹೆಣ್ಣುಮಕ್ಕಳನ್ನು ಕೇಳುವುದನ್ನು ನಿಷೇಧಿಸಲಿ.

ಆದರೆ ಈ ಕೊನೆಯ ಪ್ರಶ್ನೆಯನ್ನು ಮೊದಲು ಕೇಳುವವರು ಯಾರು? ನಾವೇ ಅಲ್ವಾ! ಸರ್ಜರಿ ತೆಗೊಳ್ತೇನೆ ಎಂದ ಮಗಳಿಗೆ "ರಾತ್ರಿ ಡ್ಯೂಟಿ ಯಾಕೆ ಮೋಳೆ, ಸ್ಕಿನ್ ತೆಗೋ" ಅನ್ನುವುದು ಉಮ್ಮ, ಬಾಪ. ಅವಳ ಮೊದಲ ಸಂದರ್ಶನ ನಮ್ಮ ಚಾವಡಿಯಲ್ಲೇ ನಡೆದು, ಅಲ್ಲೇ ಫೇಲ್ ಆಗಿಬಿಡುತ್ತದೆ. ಆಪರೇಷನ್ ಬೇಕಾದಾಗ ಮಾತ್ರ ಹೆಂಗಸರಿಗೆ ಲೇಡಿ ಸರ್ಜನ್ನೇ ಬೇಕು ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತೇವೆ.

ನಮ್ಮ ಸ್ಕಾಲರ್‌ಶಿಪ್ ಸಮಿತಿಗಳಿಗೂ ಒಂದು ಮಾತು. ಅರ್ಜಿ ಹಾಕಿದ ಮಕ್ಕಳನ್ನು ಕರೆದು "ಯಾರ ಮಗ, ಯಾವ ಜಮಾಅತ್" ಎಂದು ಕೇಳಿ ಎರಡು ನಿಮಿಷದಲ್ಲಿ ಕಳಿಸಿದರೆ, 1980ರಲ್ಲಿ ಕೋರ್ಟ್ ತಪ್ಪೆಂದದ್ದನ್ನೇ ನಾವೂ ಮಾಡಿದ ಹಾಗೆ. ಹೊರಗೆ ಕೇಳುವ ನ್ಯಾಯವನ್ನು ನಾವು ಮೊದಲು ನಮ್ಮ ಮೇಜಿನಲ್ಲಿ ಕೊಡೋಣ.