ಅದೇ ಗುಳಗಿಗೆ ಮತ್ತದೇ ಪಾಳಿ

ಬಿಪಿ, ಶುಗರ್ ಇದ್ದವರಿಗೆ ಡಾಕ್ಟರು ತಪ್ಪದೆ ಹೇಳುವ ಮಾತು ‘ಗುಳಗಿ ಬಿಡಬ್ಯಾಡ್ರಿ’ ಅಂತ. ಬಿಡದೆ ಇರಬೇಕಾದರೆ ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಯವರು ತಿಂಗಳು ತಿಂಗಳೂ ಏನೇನು ಮಾಡಬೇಕು ಎಂಬ ಲೆಕ್ಕ ಮಾತ್ರ ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಬೆಳಗಿನ ಬಸ್ಸು, ಚೀಟಿ ಮಾಡಿಸಲು ಒಂದು ಪಾಳಿ, ಡಾಕ್ಟರ ಕೋಣೆಯ ಮುಂದೆ ಇನ್ನೊಂದು, ಔಷಧ ಕೊಡುವ ಕಿಟಕಿಯ ಮುಂದೆ ಮತ್ತೊಂದು. ಕೊನೆಗೆ ಕೈಗೆ ಬರುವುದು ಹೋದ ತಿಂಗಳದ್ದೇ ಅಮ್ಲೊಡಿಪಿನ್, ಹೋದ ತಿಂಗಳದ್ದೇ ಮೆಟ್‌ಫಾರ್ಮಿನ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು, ನಿಜ. ಆದರೆ ಕೂಲಿ ಹೋಯಿತಲ್ಲ? ಉದ್ಯೋಗ ಖಾತ್ರಿಯ ದರ ಹಿಡಿದರೂ 2025–26ರಲ್ಲಿ ದಿನಕ್ಕೆ 370 ರೂಪಾಯಿ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಒಬ್ಬಾಕೆ ಆಸ್ಪತ್ರೆಯನ್ನು ಮುಂದಿನ ವಾರಕ್ಕೆ ತಳ್ಳಿದರೆ ಅದನ್ನು ಅಜ್ಞಾನ ಎನ್ನಲು ನನಗೆ ಮನಸ್ಸಿಲ್ಲ.

ಈ ಪಾಳಿ ತಪ್ಪಿಸಲು ಜನ ಹಿಡಿದ ದಾರಿ ಊರ ಮೆಡಿಕಲ್ ಅಂಗಡಿ. ಸೀರೆ ಸೆರಗಿನ ಗಂಟಿನಿಂದ ಖಾಲಿ ಗುಳಗಿ ಹಾಳೆಯ ತುಂಡು ಹೊರಬರುತ್ತದೆ. ‘ಇದ ಕೊಡ್ರಿ, ತಿಂಗಳಿಂದು.’ ಕತ್ತರಿಯಿಂದ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರು ಅರ್ಧ, ಎಷ್ಟು ಮಿಲಿಗ್ರಾಂ ಎಂಬುದು ಆಚೆ ತುಂಡಿಗೆ ಹೋಗಿದೆ. ‘ಇದರಾಗ ಪೂರ್ತಿ ಹೆಸರ ಇಲ್ಲಲ್ಲಬೇ ಯಮ್ಮಾ, ಬ್ಯಾರೆ ತುಂಡ ಐತೇನು?’ ಇಲ್ಲ. ಅಂಗಡಿಯವನು ಅಂದಾಜಿನ ಮೇಲೆ ಕೊಡುತ್ತಾನೆ. ಕಂಪನಿ ಬದಲಾಗಿ ಗುಳಗಿಯ ಬಣ್ಣ ಬೇರೆಯಾದರೆ ಹಳೆಯದೂ ಹೊಸದೂ ಎರಡನ್ನೂ ನುಂಗುವವರಿದ್ದಾರೆ, ಎರಡನ್ನೂ ಬಿಡುವವರೂ ಇದ್ದಾರೆ. ಎಂದೋ ಬರೆದ ಔಷಧ ಹೀಗೆ ವರ್ಷಗಟ್ಟಲೆ ನಡೆಯುತ್ತದೆ.

ತಿಂಗಳ ಪಾಳಿ ಬೇಡ, ಈ ಅಂದಾಜಿನ ವ್ಯಾಪಾರವೂ ಬೇಡ ಎನ್ನುವುದಾದರೆ ನಡುವಿನ ದಾರಿ ನಮ್ಮ ಕಾನೂನಿನಲ್ಲೇ ಇದೆ. 1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳ 65ನೇ ನಿಯಮ ತೆಗೆದು ನೋಡಿ. ಒಂದು ಚೀಟಿಗೆ ಒಮ್ಮೆ ಮಾತ್ರ ಔಷಧ ಕೊಡಬೇಕು. ಆದರೆ ಇಷ್ಟು ಸಲ, ಇಷ್ಟು ದಿನಕ್ಕೊಮ್ಮೆ ಕೊಡಬಹುದು ಎಂದು ಡಾಕ್ಟರೇ ಬರೆದಿದ್ದರೆ ಹಾಗೆಯೇ ಕೊಡಬಹುದು. ಕೊಟ್ಟಾಗೊಮ್ಮೆ ಅಂಗಡಿಯವನು ಚೀಟಿಯ ಮೇಲೆ ತನ್ನ ಹೆಸರು, ವಿಳಾಸ, ತಾರೀಖು ನಮೂದಿಸಬೇಕು. ‘ತಿಂಗಳಿಗೊಮ್ಮೆ, ಆರು ಸಲ’ ಎಂಬ ಒಂದು ಸಾಲನ್ನು ನಮ್ಮ ಡಾಕ್ಟರುಗಳು ಬರೆಯುವುದು ಅಪರೂಪ. ಇಂಗ್ಲೆಂಡಿನಲ್ಲಿ ಇದೇ ಬಗೆಯ ವ್ಯವಸ್ಥೆ ದಿನನಿತ್ಯದ ರೂಢಿ. ನಮ್ಮಲ್ಲಿ ಅದು ಪುಸ್ತಕದಲ್ಲೇ ಉಳಿಯಿತು.

ಡಾಕ್ಟರ ಕಣ್ಣಿಗೆ ಬೀಳದೆ ಔಷಧ ನುಂಗುತ್ತ ಹೋದರೆ ಅಪಾಯ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಗ್ಲಿಮೆಪಿರೈಡ್ ನುಂಗುವ ಮುದುಕರು ಊಟ ಕಡಿಮೆ ಮಾಡಿದರೆ ಸಕ್ಕರೆ ಅಂಶ ಇಳಿದು ತಲೆಸುತ್ತಿ ಬೀಳಬಹುದು. ಕಿಡ್ನಿ ಕೆಟ್ಟರೆ ಮೆಟ್‌ಫಾರ್ಮಿನ್ ಪ್ರಮಾಣ ಇಳಿಸಬೇಕು, ಕೆಲವೊಮ್ಮೆ ನಿಲ್ಲಿಸಬೇಕು. ಆದರೆ ಈಗಿನ ಪಾಳಿಯಲ್ಲಿ ಇದೆಲ್ಲ ನೋಡುತ್ತಾರೆಯೆ? ಜನ ತುಂಬಿದ ದಿನ ‘ಅದನ್ನ ಮುಂದುವರ್ಸ್ರಿ’ ಎಂಬ ಎರಡೇ ಮಾತಿನಲ್ಲಿ ತಪಾಸಣೆ ಮುಗಿಯುತ್ತದೆ. ಸುಮ್ಮನೆ ಗುಳಗಿಗೆ ಬಂದವರನ್ನು ಪಾಳಿಯಿಂದ ತೆಗೆದರೆ, ಆರು ತಿಂಗಳಿಗೊಮ್ಮೆ ಬರುವವರ ಪಾದ, ಕಣ್ಣು, ರಕ್ತದ ಕ್ರಿಯಾಟಿನಿನ್ ನಿಧಾನವಾಗಿ ನೋಡಲು ಡಾಕ್ಟರಿಗೆ ಪುರುಸೊತ್ತು ಸಿಗುತ್ತದೆ. ಚೀಟಿಗೆ ಕೊನೆಯ ತಾರೀಖು ಇರಲೇಬೇಕು ಎನ್ನುವುದು ಇದಕ್ಕೇ. ತಾರೀಖು ದಾಟಿದರೆ ಗುಳಗಿ ಇಲ್ಲ, ತಪಾಸಣೆಗೆ ಬರಬೇಕು. ಬಿಪಿ ಇನ್ನೂ ಹತೋಟಿಗೆ ಬಾರದವರನ್ನು, ಇನ್ಸುಲಿನ್ ಹೊಸದಾಗಿ ಶುರು ಮಾಡಿದವರನ್ನು ಇದರಿಂದ ಹೊರಗಿಡುವುದೇ ಸರಿ.

ಕೋವಿಡ್ ಬಂದಾಗ ತಿಂಗಳ ಪಾಳಿ ತಪ್ಪಿಸುವುದು ಒಮ್ಮೆಲೆ ಸಾಧ್ಯವಾಗಿತ್ತು ಎಂಬುದನ್ನು ಮರೆಯಬಾರದು. 2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ, ಬಿಪಿ ಶುಗರ್‌ನವರಿಗೆ ಮೂರು ತಿಂಗಳವರೆಗಿನ ಗುಳಗಿಯನ್ನು ಆಶಾ ಕಾರ್ಯಕರ್ತೆಯರ ಇಲ್ಲವೆ ಉಪಕೇಂದ್ರದ ಮೂಲಕ ಮುಟ್ಟಿಸಬಹುದು ಎಂದು ಸೂಚಿಸಿತ್ತು. ತಮಿಳುನಾಡು 2021ರ ಆಗಸ್ಟ್‌ನಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಶುರು ಮಾಡಿ ಮನೆ ಬಾಗಿಲಿಗೇ ಗುಳಗಿ ಒಯ್ದಿತು. ನಮ್ಮ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಯಿತು. ಮನೆಗೆ ಬಂದು ರೋಗ ಪತ್ತೆ ಮಾಡುವುದು ಒಳ್ಳೆಯದೇ. ಪತ್ತೆಯಾದ ಮೇಲಿನ ಇಪ್ಪತ್ತು ವರ್ಷದ ಗುಳಗಿಯೇ ದೊಡ್ಡ ಕೆಲಸ.

ಎಲ್ಲವೂ ದಾಸ್ತಾನಿನ ಮೇಲೆ ನಿಂತಿದೆ. ಸರ್ಕಾರಿ ಆಸ್ಪತ್ರೆಯ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು 2025ರ ಮೇನಲ್ಲಿ ರಾಜ್ಯ ಸರ್ಕಾರ ಆದೇಶಿಸಿದಾಗ, ಒಳಗೇ ಔಷಧ ಪುಕ್ಕಟೆ ಕೊಡುತ್ತೇವಲ್ಲ ಎಂಬುದು ಅದರ ವಾದವಾಗಿತ್ತು. ಕಪಾಟು ತುಂಬಿದ್ದರೆ ಆ ವಾದ ಒಪ್ಪಬಹುದು. ಕಪಾಟು ಬರಿದಾದ ದಿನ ಚೀಟಿಯ ಮೇಲೆ ಆರು ಸಲ ಎಂದು ಬರೆದೂ ಉಪಯೋಗವಿಲ್ಲ. ಆದ್ದರಿಂದ ಚೀಟಿಯ ಸುಧಾರಣೆ ಉಪಕೇಂದ್ರದಿಂದಲೇ ಶುರುವಾಗಬೇಕು: ಆ ಊರಲ್ಲಿ ಗುಳಗಿ ನುಂಗುವವರ ಪಟ್ಟಿ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ಬಳಿ ಇರಲಿ, ಆ ಪಟ್ಟಿಯ ಲೆಕ್ಕದ ಮೇಲೆಯೇ ಔಷಧ ಬರಲಿ. ಬೆಣ್ಣಿಹಳ್ಳ ತುಂಬಿ ರಸ್ತೆ ಬಂದಾಗುವ ನವಲಗುಂದ, ಕುಂದಗೋಳ ಕಡೆಯ ಊರುಗಳಿಗೆ ಮಳೆಗಾಲಕ್ಕೆ ಮುಂಚೆಯೇ ಮೂರು ತಿಂಗಳದ್ದು ತಲುಪಿಸಲಿ.