ಹುಣಸೆಹಣ್ಣು ಹಾಕಿ ತಿಕ್ಕಿದ ಡಬ್ಬಿ

ಮಕ್ಕಳೇ, ನಮ್ಮ ಮನೆಯಲ್ಲಿ ಅಂಗೈಯಗಲದ ಒಂದು ಬಿದರಿ ಡಬ್ಬಿ ಇದೆ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಾನು ಎರಡು ವರ್ಷ ಬೀದರಿನಲ್ಲಿದ್ದೆ. ವರ್ಗವಾಗಿ ಹೊರಟಾಗ ಜೊತೆಯವರು ಚಂದಾ ಎತ್ತಿ ಕೊಟ್ಟದ್ದು. ಕಪ್ಪು ಮೈ, ಮೇಲೆ ಬೆಳ್ಳಿಯ ಬಳ್ಳಿ. ಹೋದ ದೀಪಾವಳಿಗೆ ಹಿತ್ತಾಳೆ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟೆ! ಕಪ್ಪೆಲ್ಲ ಹೋಗಿ ಡಬ್ಬಿ ಬೂದು ಬಣ್ಣಕ್ಕೆ ತಿರುಗಿತು. "ತಾತ, ಬಳ್ಳಿ ಎಲ್ಲಿ ಹೋಯ್ತು?" ಎಂದಳು ಮೊಮ್ಮಗಳು. ಅವಳ ಅಜ್ಜಿ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಬೇಸಿಗೆ ರಜೆಯಲ್ಲಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಾನು, ಮೊಮ್ಮಗಳು ಬೀದರಿನ ರೈಲು ಹತ್ತಿದೆವು.

ಬಹಮನಿ ಸುಲ್ತಾನ ಅಹಮದ್ ಶಾಹ ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ತಂದದ್ದು ಇಲ್ಲಿಗೆ. ಕೋಟೆಗೊಂದು ಗೋಡೆಯಾದರೆ, ಅದಕ್ಕೆ ಅಂಟಿಕೊಂಡ ಹಳೇ ಊರಿಗೆ ಇನ್ನೊಂದು. ಬಾಗಿಲು ದಾಟಿ ನಡೆದರೆ ನಾಲ್ಕು ದಾರಿ ಕೂಡುವಲ್ಲಿ ದುಂಡನೆಯ ಚೌಬಾರ, ಕಾವಲು ಗೋಪುರ. ಅಲ್ಲಿಂದ ಮುಂದೆ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ. ಮದ್ದು ಸಿಡಿದು ಅರ್ಧ ಕಟ್ಟಡ ಬಿದ್ದಿದೆ, ಉಳಿದ ಒಂದೇ ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಮೊಮ್ಮಗಳಿಗೆ ಅಲ್ಲಿಂದ ಏಳಲು ಮನಸ್ಸಿಲ್ಲ. ನನಗೋ ಡಬ್ಬಿಯದೇ ಚಿಂತೆ.

ಗಲ್ಲಿಯಲ್ಲಿ ಟಕ್ ಟಕ್ ಸದ್ದು ಹಿಡಿದು ಹೋದೆವು. ಒಬ್ಬ ಹುಡುಗ ಹೂಜಿಗೆ ಅರ ಹಾಕಿ ಉಜ್ಜುತ್ತಿದ್ದ. ಅದು ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಕೂಡಿಸಿ ಮರಳಿನ ಅಚ್ಚಿನಲ್ಲಿ ಎರೆದದ್ದು. ಗೆರೆ ಕಾಣಲಿ ಎಂದು ಅದಕ್ಕೆ ಮೈಲುತುತ್ತ ಸವರಿ, ಮೊನೆಯಿಂದ ಚಿತ್ರ ಬರೆದು, ಉಳಿಯಿಂದ ಕೊರೆದು, ಆ ಕಾಲುವೆಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಹಾಳೆಯಲ್ಲಿ ಬರೆದ ನಕಾಶೆ ಏನೂ ಎದುರಿಗಿರಲಿಲ್ಲ. ಕೈಗೇ ಗೊತ್ತು.

ಹಿರಿಯರೊಬ್ಬರು ನನ್ನ ಡಬ್ಬಿ ತಿರುಗಿಸಿ ನೋಡಿದರು. "ಹುಣಸಿಹಣ್ಣು ಹಚ್ಚಿ ತಿಕ್ಕೀರೇನ್ರಿ ಸರ್?"

ತಲೆ ತಗ್ಗಿಸಿದೆ.

"ಬೆಳ್ಳಿ ಎಲ್ಲೂ ಹೋಗಿಲ್ರಿ. ಕರಿ ಹೋಗ್ಯದ, ಅದಕ್ಕ ಕಾಣವಲ್ದು."

ಒಂದು ಡಬ್ಬದಿಂದ ಮಣ್ಣು ತೆಗೆದು ನಾಲಿಗೆಗೆ ಒಂದಿಷ್ಟು ಹಚ್ಚಿ ನೋಡಿದರು. "ಮಣ್ಣು ತಿಂತಾರೆ!" ಎಂದು ಮೊಮ್ಮಗಳು ನನ್ನ ಅಂಗಿ ಎಳೆದಳು. ಅವರು ನಕ್ಕರು. ಕೋಟೆಯ ಹಳೇ ಕಟ್ಟಡಗಳ ಒಳಗೆ, ಬಿಸಿಲು ಮಳೆ ತಾಗದ ಜಾಗದ ಮಣ್ಣಂತೆ ಅದು. ರುಚಿ ನೋಡಿಯೇ ಒಳ್ಳೆಯದು ಕೆಟ್ಟದ್ದು ಹೇಳುತ್ತಾರೆ. ಮಣ್ಣಿಗೆ ನವಸಾಗರ ಬೆರೆಸಿ ನೀರಿನಲ್ಲಿ ಕುದಿಸಿ, ಬೆಚ್ಚಗಾದ ಡಬ್ಬಿಗೆ ಉಜ್ಜಿದರು. ನೋಡುತ್ತಿದ್ದಂತೆ ಸತುವಿನ ಮೈ ಕಾಡಿಗೆಯಂತಾಯಿತು, ಬೆಳ್ಳಿಗೆ ಮಾತ್ರ ಏನೂ ಆಗಲಿಲ್ಲ. ಬಳ್ಳಿ ಮರಳಿ ಬಂತು!

ಆ ಕೈಗಳನ್ನು ನೋಡುತ್ತಾ ನನಗೆ ಹಳೆಯದೊಂದು ನೆನಪಾಯಿತು. ಅದನ್ನು ನಿಮಗೆ ಹೇಳಲೇಬೇಕು. ಇದೇ ಊರಿನಲ್ಲಿ ಕೌಂಟರಿನಲ್ಲಿ ಕೂತಿದ್ದಾಗ ಮುದುಕರೊಬ್ಬರು ಪಾಸ್‌ಬುಕ್ ಚಾಚಿದ್ದರು. ಬೆರಳೆಲ್ಲ ಕಪ್ಪು. "ಲೆಡ್ಜರಿಗೆ ಮಸಿ ಆಗುತ್ತೆ, ಕೈ ತೊಳ್ಕೊಂಡು ಬನ್ನಿ" ಎಂದೆ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ. "ತೊಳ್ಕೊಂಡೇ ಬಂದೀನ್ರಿ ಸಾಬ್" ಎಂದರು ಅವರು. ನಾನು ನಂಬಲಿಲ್ಲ. ಹೊರಗೆ ನಲ್ಲಿಗೆ ಹೋಗಿ ಮತ್ತೆ ತೊಳೆದು ಬಂದರು, ಬೆರಳು ಹಾಗೇ ಇತ್ತು. ಎರಡು ವರ್ಷ ಆ ಊರಲ್ಲಿದ್ದು ಒಂದು ದಿನವೂ ಈ ಗಲ್ಲಿಗೆ ಬಂದವನಲ್ಲ ನಾನು. ಬಿದರಿ ಕೆಲಸಕ್ಕೆ 2023ರಲ್ಲಿ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟಿದ್ದೆ. ಆ ಮುದುಕರ ನೆನಪು ಆಗಲೂ ಆಗಿರಲಿಲ್ಲ.

ಹಿರಿಯರಿಗೆ ಇದನ್ನೂ ಹೇಳಿದೆ. ಅವರು ಏನೂ ಅನ್ನದೆ ಕೊಬ್ಬರಿ ಎಣ್ಣೆಯ ಬಟ್ಟೆಯನ್ನು ನನ್ನ ಕೈಗಿತ್ತು, "ನೀವೇ ಒರಸ್ರಿ, ಹೊಳಪು ಬರ್ತದ" ಎಂದರು. ನಾನು, ಮೊಮ್ಮಗಳು ಸರದಿಯಂತೆ ಒರೆಸಿದೆವು. ಕೇಳಿದ ದುಡ್ಡು ಕೊಟ್ಟೆ, ಚೌಕಾಸಿ ಮಾಡಲಿಲ್ಲ.

ರಾತ್ರಿ ಲಾಡ್ಜಿಗೆ ಬಂದು ಸೋಪು ಹಾಕಿ ಎರಡು ಸಲ ಕೈ ತೊಳೆದೆ. ಕೆಳಗಿಳಿದು ರಿಜಿಸ್ಟರಿಗೆ ಸಹಿ ಹಾಕುವಾಗ ನೋಡಿದರೆ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು. ಕೌಂಟರಿನ ಹುಡುಗ ಅದನ್ನು ನೋಡಿದ. ಏನೂ ಅನ್ನದೆ ಕೀಲಿಕೈ ಕೊಟ್ಟ.